ಪೂಜೆಗೆಂದು ತಂದ ಎರಡನೇ ಡಿಸ್ಕ್

ಬೀರೂರಿನ ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ ಆಗ ನಾನು ಅಧ್ಯಕ್ಷ. ಓದಿದ್ದು ಎಸ್ಸೆಸ್ಸೆಲ್ಸಿ. ಕಚೇರಿಯ ಮೂರು ಕಂಪ್ಯೂಟರುಗಳಿಗೆ ಯಾವ ಬ್ಯಾಕಪ್ ಬೇಕೆಂದು ತೀರ್ಮಾನಿಸುವ ಹೊಣೆಯೂ ನನ್ನ ಮೇಲೆ ಬಂತು. ಮಾರಲು ಬಂದವನು ಕ್ಲೌಡ್ ಎಂದ. ನಾಲ್ಕು ಹನಿ ಬಿದ್ದರೆ ಇಂಟರ್‌ನೆಟ್ ಹೋಗುವ ಊರಿನಲ್ಲಿ ಅದನ್ನು ನಂಬಲು ಧೈರ್ಯವಾಗಲಿಲ್ಲ. ತರೀಕೆರೆಯಿಂದ ರೈಲಿನಲ್ಲಿ ಬರುತ್ತಿದ್ದ ನಮ್ಮ ಆಪರೇಟರ್ ಹುಡುಗಿಯನ್ನು ಕೇಳಿದೆ.

"ಎರಡು ಡಿಸ್ಕ್ ತಗೊಳ್ಳಿ ಸಾರ್. ಆದ್ರೆ ಒಂದೇ ಕಡೆ ಇಡ್ಬೇಡಿ. ಒಂದು ಶಿವನಿ ಊರಿನ ನಮ್ಮ ಗೋದಾಮಲ್ಲಿರ್ಲಿ."

"ಜೋಡಿ ಎತ್ತನ್ನ ಬೇರೆ ಬೇರೆ ಕೊಟ್ಟಿಗೇಲಿ ಕಟ್ಟು ಅಂತೀಯಲ್ಲಮ್ಮ!"

"ಒಂದು ಸತ್ರೂ ಇನ್ನೊಂದು ಉಳೀಲಿ ಅಂತ, ಸಾರ್."

ಹಾಗೇ ಮಾಡಿದೆವು. ವಾರಕ್ಕೊಮ್ಮೆ ಆಕೆ ಆ ಡಿಸ್ಕನ್ನು ತಂದು, ಹೊಸದನ್ನು ತುಂಬಿಸಿ, ಮತ್ತೆ ಶಿವನಿಗೆ ಮುಟ್ಟಿಸುತ್ತಿದ್ದಳು. ಗೋದಾಮಿನ ಬೀಗದ ಕೈ ನಮ್ಮಿಬ್ಬರಲ್ಲಿ ಮಾತ್ರ ಇತ್ತು. ಆಕೆ ಸ್ಕ್ಯಾನ್ ಮಾಡಿದ ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿಯಾಗಿತ್ತು.

ಆಯುಧಪೂಜೆ ಬಂತು. ಆಕೆ ರಜೆಯಲ್ಲಿದ್ದಳು. ತಕ್ಕಡಿ, ಕಂಪ್ಯೂಟರ್, ಸ್ಟೇಪ್ಲರಿಗೂ ಕುಂಕುಮ ಬೀಳುವಾಗ ಒಂದು ಯಂತ್ರ ಮಾತ್ರ ಪೂಜೆಯಿಲ್ಲದೆ ಉಳಿಯುವುದು ನನಗೆ ಸರಿಯೆನಿಸಲಿಲ್ಲ. ಉಳಿದವರು ಬರುವ ಮೊದಲೇ ಶಿವನಿಗೆ ಹೋಗಿ ಅದನ್ನು ತಂದು, ಇನ್ನೊಂದರ ಪಕ್ಕದಲ್ಲಿಟ್ಟೆ. ಪೂಜೆಯ ದೀಪ ಆರಿಸಬಾರದೆಂದು ಹಾಗೇ ಬಿಟ್ಟು, ಬಾಗಿಲು ಹಾಕಿ ಮನೆಗೆ ಹೋದೆವು. ಬಣ್ಣದ ಕಾಗದದ ತೋರಣಕ್ಕೆ ಬೆಂಕಿ ಹತ್ತಿತು. ಜನ ಬಾಗಿಲು ಒಡೆಯುವಷ್ಟರಲ್ಲಿ ಕಂಪ್ಯೂಟರುಗಳೂ ಎರಡು ಡಿಸ್ಕುಗಳೂ ಕರಗಿದ್ದವು.

ಕಮಿಟಿಯಲ್ಲಿ ಒಬ್ಬ ನಿರ್ದೇಶಕ ಆಕೆಯನ್ನು ಕೇಳಿದ: "ಶಿವನೀಲಿ ಇರ್ಬೇಕಾದ್ದು ಇಲ್ಲಿಗೆ ನಡ್ಕೊಂಡು ಬಂತೇನಮ್ಮಾ? ವಾಪಸ್ ಇಡೋಕೆ ಸೋಮಾರಿತನ, ಅಲ್ವಾ?"

"ಇಟ್ಟಿದ್ದೆ ಸಾರ್. ಇನ್ನೊಂದು ಕೀ ಇರೋದು ಅಧ್ಯಕ್ಷರ ಹತ್ರ. ಅವರನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. "ನಾನು ಆ ಕಡೆ ಹೋಗೇ ಇಲ್ಲ" ಎಂದುಬಿಟ್ಟೆ. ಆಕೆಯ ಕೆಲಸ ಹೋಯಿತು.

ಆಮೇಲೆ ನನಗೆ ನೆಮ್ಮದಿಯಿಲ್ಲ. ಈಚೆಗೆ ಒಂದು ದಿನ ತರೀಕೆರೆಗೆ ಹೋಗಿ ಆಕೆಯ ಮುಂದೆ ತಪ್ಪೊಪ್ಪಿಕೊಂಡೆ. ಒಳಗೆ ಬನ್ನಿ ಎನ್ನಲಿಲ್ಲ.

"ನಂಗೊತ್ತಿರೋದನ್ನೇ ನಂಗ್ಯಾಕೆ ಹೇಳ್ತೀರಿ ಸಾರ್? ಅವರಿಗೆ ಹೇಳಿ."

ಸಂಘಕ್ಕೆ ಹೋದೆ. ಅಂದು ಅವಳನ್ನು ಗದರಿಸಿದ ನಿರ್ದೇಶಕನೇ ಈಗ ಅಧ್ಯಕ್ಷ. ಅವಳ ಕುರ್ಚಿಯಲ್ಲಿ ಅವನ ತಂಗಿಯ ಮಗ. ಎಲ್ಲವನ್ನೂ ಹೇಳಿ, ಅವಳನ್ನು ವಾಪಸ್ ಕರೆಸಿ ಎಂದೆ.

"ಹಳೇದನ್ನ ಯಾಕೆ ಕೆದಕ್ತೀರಿ ಯಜಮಾನ್ರೇ? ಈ ಹುಡ್ಗನ್ನ ಎಲ್ಲಿಗೆ ಕಳಿಸ್ಲಿ? ಟೀ ತಗೊಳ್ಳಿ" ಎಂದ.

ಇನ್ನೊಮ್ಮೆ ಒತ್ತಾಯಿಸಿ ಕೇಳಬಹುದಿತ್ತು. ಟೀ ಕುಡಿದು ಎದ್ದು ಬಂದೆ.