ಫ್ರಿಜ್ಜಿನಿಂದ ಹೊರಗಿಟ್ಟ ಕಬ್ಬಿನ ಹಾಲು

ಬೆಳಿಗ್ಗೆ ಎದ್ದು ಫ್ರಿಜ್ ತೆಗೆದರೆ ಒಳಗೆ ಬರೀ ಮಲ್ಲಿಗೆ.

ಮೇಲಿನಿಂದ ಕೆಳಗಿನ ತರಕಾರಿ ಡಬ್ಬದವರೆಗೂ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಾಲೆಗಳು. ಅತ್ತೆಗೆಂದು ತರಿಸಿದ್ದ ಕಬ್ಬಿನ ಹಾಲಿನ ಬಾಟಲಿಗಳು ಮಾತ್ರ ಇಲ್ಲ.

ಹುಡುಕಬೇಕಾಗಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ, ಗ್ಯಾಸ್ ಒಲೆ ಪಕ್ಕದಲ್ಲೇ ಸಾಲಾಗಿ ನಿಂತಿದ್ದವು. ಮುಟ್ಟಿದೆ, ಬೆಚ್ಚಗಿದ್ದವು. ಹಡಗಲಿಯ ಬೇಸಿಗೆ ಗೊತ್ತಲ್ಲ, ರಾತ್ರಿಯೆಲ್ಲ ಗೋಡೆ ಬಿಸಿ ಕಾರುತ್ತಿರುತ್ತದೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ನಮ್ಮತ್ತೆಗೆ ಕೀಮೋ ನಡೆಯುತ್ತಿದೆ. ರಕ್ತದಲ್ಲಿ ಬಿಳಿ ಕಣ ಕಡಿಮೆ, ಸೋಂಕು ಬೇಗ ತಗಲುತ್ತದೆ, ಹಸಿ ಪದಾರ್ಥ ಏನೂ ಕೊಡಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ನೀರು ಕುದಿಸು, ಗಂಜಿ ಕುದಿಸು, ಹಣ್ಣನ್ನೂ ಬೇಯಿಸು... ಕುದಿಸಿ ಕುದಿಸಿ ನನಗೆ ಸಾಕಾಯಿತು, ತಿಂದು ತಿಂದು ಅವರಿಗೆ ಸಾಕಾಯಿತು.

ಆಮೇಲೆ ಅವರು ತಿನ್ನುವುದನ್ನೇ ಬಿಟ್ಟರು.

ಏನು ಬೇಕೆಂದು ಕೇಳಿದರೆ ಗೋಡೆ ಕಡೆ ಹೊರಳುತ್ತಿದ್ದವರು, ಒಂದು ಮಧ್ಯಾಹ್ನ ತಾವಾಗಿಯೇ ಬಾಯಿ ಬಿಟ್ಟರು. "ಕಬ್ಬಿನ ಹಾಲು ಸಿಕ್ಕರ ಒಂದು ಲೋಟ ಕುಡೀತೀನಿ ನೋಡವ್ವಾ."

ಅತ್ತೆಯ ತವರು ಮಾಗಳ. ಹೊಳೆದಂಡೆಯ ಕಬ್ಬಿನ ಗದ್ದೆಗಳಲ್ಲಿ ಬೆಳೆದವರು. ಕೇಳಿದ್ದು ಬಂಗಾರವನ್ನೇನಲ್ಲ, ಬಸ್ ಸ್ಟ್ಯಾಂಡ್ ಎದುರು ಗಾಡಿಯಲ್ಲಿ ಸಿಗುವುದನ್ನು. ಆದರೆ ಆ ಗಾಡಿ, ಆ ಐಸು, ಆ ನೊಣ... ಕೊಡುವ ಹಾಗಿಲ್ಲ.

ಕುದಿಸಿಯೂ ನೋಡಿದೆ. ಕುದಿಸಿದರೆ ಅದು ಕಬ್ಬಿನ ಹಾಲಲ್ಲ, ಬೆಲ್ಲದ ನೀರು. ಒಂದು ಗುಟುಕು ಬಾಯಿಗೆ ಹಾಕಿ ಲೋಟ ಪಕ್ಕಕ್ಕೆ ಸರಿಸಿದರು.

ಆಸ್ಪತ್ರೆಯ ಡಯಟಿಷಿಯನ್ ಹೇಳಿದ ಮೇಲೆಯೇ ಗೊತ್ತಾಗಿದ್ದು, ಬಿಸಿ ಮಾಡದೆಯೂ ಕೆಡದಂತೆ ಇಡುವ ದಾರಿಯೊಂದಿದೆ ಅಂತ. ರಸವನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಸೀಲ್ ಮಾಡುತ್ತಾರೆ. ಬಾಟಲಿ ಸಮೇತ ನೀರು ತುಂಬಿದ ದೊಡ್ಡ ಉಕ್ಕಿನ ಟ್ಯಾಂಕಿನೊಳಗಿಟ್ಟು, ಸುತ್ತಲಿಂದಲೂ ವಿಪರೀತ ಒತ್ತಡ ಕೊಡುತ್ತಾರೆ. ಆ ಒತ್ತಡಕ್ಕೇ ಕ್ರಿಮಿ ಸಾಯುತ್ತವಂತೆ, ಬೆಂಕಿ ಸೋಕದ್ದರಿಂದ ರುಚಿ ಹಸಿಯದ್ದೇ ಉಳಿಯುತ್ತದಂತೆ.

ಡಾಕ್ಟರೂ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಅಂಗಡಿಯಿಂದ ಬಾಯಿಯವರೆಗೆ ಅದು ತಣ್ಣಗೇ ಇರಬೇಕು. ಒತ್ತಡಕ್ಕೂ ಸಾಯದ ಕೆಲವು ಕ್ರಿಮಿ ಬೀಜದ ಹಾಗೆ ಮಲಗಿರುತ್ತವೆ, ಬೆಚ್ಚಗಾದರೆ ಏಳುತ್ತವೆ.

ದಾವಣಗೆರೆಯಲ್ಲಿರುವ ನನ್ನ ತಂಗಿ ಅಂಗಡಿ ಅಂಗಡಿ ಅಲೆದು ಹುಡುಕಿದಳು. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಬಸ್ಸಿಗೆ ಹಾಕಿದಳು.

ಹರಪನಹಳ್ಳಿಯಲ್ಲಿ ಬಸ್ ಕೆಟ್ಟು ನಿಂತಿತು. ಕಂಡಕ್ಟರಿಗೆ ನಾನು ಫೋನ್ ಮೇಲೆ ಫೋನ್. "ನಿಮ್ಮ ಡಬ್ಬಿ ನೆಳ್ಳಾಗ ಐತ್ರಿ ಅಕ್ಕಾರ! ಅದರಾಗೇನು ಕೂಸು ಮಲಗೈತೇನ್ರಿ?" ಅಂದ ಪುಣ್ಯಾತ್ಮ.

ಸಂಜೆ ಬಾಟಲಿಗಳು ಮನೆ ಮುಟ್ಟಿದಾಗ ಐಸ್ ಇನ್ನೂ ಪೂರ್ತಿ ಕರಗಿರಲಿಲ್ಲ. ಅತ್ತೆಗೆ ಅವತ್ತು ವಾಂತಿ. ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಮುಂಜಾನಿ ಕುಡೀತೀನಿ, ತಣ್ಣಗ ಇಟ್ಟಿರು" ಅಂದರು. ತುಂಬ ದಿನಗಳ ಮೇಲೆ ಅವರ ಮುಖದಲ್ಲಿ ಒಂದು ಆಸೆ ಕಂಡಿದ್ದೆ.

ಆ ಮುಂಜಾನೆಯೇ ಇದು.

ಎದುರು ಮನೆಯ ಪಾರಮ್ಮ ಹೂ ಕಟ್ಟಿ ಜೀವನ ಮಾಡುವವರು. ರಾತ್ರಿ ಮದುವೆ ಮನೆಯ ಮಾಲೆ ಕಟ್ಟಿ ಮುಗಿಸುವ ಹೊತ್ತಿಗೆ ಅವರ ಫ್ರಿಜ್ ಕೈಕೊಟ್ಟಿದೆ. ನಾನು ಅತ್ತೆಯ ಪಕ್ಕ ನಿದ್ದೆ ಹೋಗಿದ್ದೆ. ನಮ್ಮ ಮನೆಯವರು ಬಾಟಲಿ ತೆಗೆದು ಮಲ್ಲಿಗೆಗೆ ಜಾಗ ಮಾಡಿಕೊಟ್ಟಿದ್ದಾರೆ.

"ಮಷಿನ್ನಾಗ ಒತ್ತಿದ್ದು ಕೆಡಂಗಿಲ್ಲ ಅಂತ ನೀನ ಓಣಿ ಮಂದಿಗೆಲ್ಲ ಹೇಳಿದ್ದಿ. ಮಲ್ಲಿಗಿ ಹೊರಗ ತಡೀತೈತೇನು?" ಅಂದರು. ಜಗಳಕ್ಕಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಏನು ಹೇಳಲಿ? ಹೂವಿನ ಊರಿನಲ್ಲಿ ಹುಟ್ಟಿದ ಮನುಷ್ಯ, ಮಲ್ಲಿಗೆ ಬಾಡುವುದನ್ನು ನೋಡಲಾರರು.

ತಣ್ಣಗಿರಲೇಬೇಕಿತ್ತು ಎಂದು ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. ಒಂದು ಬಾಟಲಿಯ ಸೀಲ್ ಒಡೆದು ತಾವೇ ಎರಡು ಗುಟುಕು ಕುಡಿದರು.

"ಛಲೋ ಐತಿ. ಒಂಚೂರೂ ಹುಳಿ ಬಂದಿಲ್ಲ. ಅವ್ವಗ ಕೊಡು."

"ನಿಮಗ ಏನೂ ಆಗಂಗಿಲ್ಲ. ಅವರಿಗೆ ಆದರ?"

ಅವರು ಬಾಟಲಿಯನ್ನು ಕಟ್ಟೆಯ ಮೇಲಿಟ್ಟರು. ಬಣ್ಣ ಕೆಟ್ಟಿಲ್ಲ, ವಾಸನೆ ಕೆಟ್ಟಿಲ್ಲ, ರುಚಿ ಕೆಟ್ಟಿಲ್ಲ. ಕೆಟ್ಟಿದ್ದರೆ ಚೆಲ್ಲುವುದು ಸುಲಭವಿತ್ತು.

ಒಂದೊಂದಾಗಿ ಸಿಂಕಿಗೆ ಸುರಿಯುತ್ತಿದ್ದೆ. ಹಿಂದೆ ಸಪ್ಪಳವಾಯಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಮಾತೆಲ್ಲ ಕೇಳಿಸಿಕೊಂಡಿದ್ದಾರೆ.

ಕೈಯಲ್ಲಿ ಉಳಿದದ್ದು ಕೊನೆಯ ಬಾಟಲಿ.

"ತಡಿಯವ್ವಾ," ಅಂದರು. "ವಾಸನಿ ಆದ್ರೂ ನೋಡ್ತೀನಿ, ಕೊಡು."

ಮುಚ್ಚಳ ತೆಗೆದು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೂಗಿನ ಹತ್ತಿರ ತಂದರು. ಉಸಿರು ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು.

ನಾನು ಅವರ ಮುಖ ನೋಡಲಿಲ್ಲ. ತುಟಿಯನ್ನೇ ನೋಡುತ್ತಿದ್ದೆ. ಎಲ್ಲಿ ಒಂದು ಗುಟುಕು ಎಳೆದುಬಿಡುತ್ತಾರೋ ಅಂತ ಕೈ ಮುಂದೆ ಚಾಚಿಕೊಂಡೇ ನಿಂತಿದ್ದೆ... ಕಳ್ಳರನ್ನು ಕಾಯುವವರ ಹಾಗೆ.

ಕಣ್ಣು ತೆರೆದವರಿಗೆ ನನ್ನ ಚಾಚಿದ ಕೈ ಕಂಡಿತು. ತಾವೇ ಬಾಟಲಿಯನ್ನು ನನ್ನ ಕೈಗಿಟ್ಟು, "ಕುಡಿಯಂಗಿಲ್ಲ, ಹೆದರಬ್ಯಾಡ" ಅಂದು ಒಳಗೆ ಹೋದರು.

ನಾಳೆ ಮತ್ತೆ ಕೀಮೋ. ಅದಾದ ಮೇಲೆ ಬಾಯಿಗೆ ಕಬ್ಬಿಣದ ರುಚಿ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ ಅನ್ನುತ್ತಾರೆ. ತಂಗಿಗೆ ಫೋನ್ ಮಾಡಿದೆ, ಅಂಗಡಿಯಲ್ಲಿ ಸ್ಟಾಕ್ ಇಲ್ಲವಂತೆ.

ಮಾಡಿದ್ದು ಸರಿ ಅಂತ ನನಗೂ ಗೊತ್ತಿದೆ. ಆದರೂ ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡವರು ಒಂದು ಮಾತು ಹೇಳಿ... ಅವರು ಬಾಟಲಿ ಮೂಸುತ್ತಿದ್ದಾಗ, ನೀವಾಗಿದ್ದರೆ ಕಾವಲು ಬಿಟ್ಟು ಆ ಕಡೆ ತಿರುಗಿ ನಿಲ್ಲುತ್ತಿದ್ದಿರಾ?