ಹಾನುಬಾಳಿನಾಚೆಯ ಹೊಳೆಸುತ್ತು

ಸಕಲೇಶಪುರದಿಂದ ಹಾನುಬಾಳಿಗೆ ಬೆಳಗಿನ ಬಸ್ಸಿನಲ್ಲಿ ಹೋದೆ. ಅಲ್ಲಿಂದಾಚೆಯ ಎಸ್ಟೇಟಿನಲ್ಲಿ ಅಣ್ಣ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ. ಆದರೆ ಮಳೆಗೆ ಹೊಳೆ ಉಕ್ಕಿ ದಾರಿಯ ಮೋರಿ ಕೊಚ್ಚಿಹೋಗಿತ್ತು, ಗದ್ದೆಬಯಲೆಲ್ಲ ನೀರು. ಎಸ್ಟೇಟಿನವರು ದೋಣಿಗೆ ಪೆಟ್ರೋಲ್ ಎಂಜಿನ್ ಕೂರಿಸಿ ಜನರನ್ನು ದಾಟಿಸುತ್ತಿದ್ದರು. ತಲೆಗೆ ನಾಲ್ಕಾಣೆ, ಮುಕ್ಕಾಲು ಗಂಟೆಯ ದಾರಿ.

ದೋಣಿ ನಡೆಸುವವರು ಲಾರಿ ಮೆಕ್ಯಾನಿಕ್ ರಹೀಮ್ ಸಾಬರು. ಹತ್ತಿದವರ ಕೈಗೆಲ್ಲ ಒಂದೊಂದು ನಿಂಬೆಹಣ್ಣು ಕೊಟ್ಟರು. ಇದೇಕೆ ಎಂದೆ.

"ಹೊಳೆಸುತ್ತು ಕಣಮ್ಮ. ಈ ನೀರ್ ಮೇಲೆ ಹೋದೋರಿಗೆಲ್ಲ ತಲೆ ಸುತ್ತತೈತೆ. ಮೂಸ್ತಾ ಇರಿ."

"ನಿಮಗೆ?"

"ನಂಗ್ಯಾಕ್ ಬತ್ತದೆ? ದಿನಾ ಹೋಗೋನು."

ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ.

ದೋಣಿಗೆ ಟಾರ್ಪಾಲಿನ ಮಾಡು, ಸುತ್ತ ಪರದೆ. ಒಳಗೆ ಆರು ಜನ. ನನ್ನ ಪಕ್ಕ ಗೌರಮ್ಮ ಎಂಬಾಕೆ, ತೊಡೆಯ ಮೇಲೆ ಎಂಟು ತಿಂಗಳ ಮಗು. ಹೊರಗೆ ಅಷ್ಟು ಚಳಿ, ಒಳಗೆ ಬೆಚ್ಚಗಿತ್ತು. ಬಗ್ಗಿ ನೋಡಿದೆ. ಜನ ಬೆಚ್ಚಗಿರಲೆಂದು ಎಂಜಿನ್ನಿನ ಹೊಗೆಕೊಳವೆಯನ್ನು ನಮ್ಮ ಹಲಗೆಯ ಕೆಳಗೇ ತಿರುಗಿಸಿದ್ದರು.

ಅಷ್ಟರಲ್ಲಿ ನನ್ನ ಹಣೆ ಬಿಗಿಯತೊಡಗಿತ್ತು. ಎದುರಿನ ಮುದುಕ ತೂಕಡಿಸುತ್ತಿದ್ದ. ಹೊರಗೆ ಮಳೆಯಲ್ಲಿ ಕುಳಿತ ಸಾಬರು ಮಾತ್ರ ಹಾಡು ಗುನುಗುತ್ತಿದ್ದರು.

"ಗೌರಮ್ಮ, ಮಗುವನ್ನು ಎಬ್ಬಿಸಿ."

"ಬುಡ್ರವ್ವ, ಬೆಳಗಿಂದ ಅತ್ತೂ ಅತ್ತೂ ಈಗ ತೆಪ್ಪಗಾಗೈತೆ."

ಮಗುವಿನ ಕೈ ಎತ್ತಿ ಬಿಟ್ಟೆ. ಅದು ಜೋತುಬಿತ್ತು. ಪರದೆಯ ಹಗ್ಗ ಕಿತ್ತು, ಎಂಜಿನ್ ನಿಲ್ಲಿಸಿ ಎಂದು ಕೂಗಿದೆ.

"ಮಳೆ ಒಳಗ್ ಬತ್ತದೆ ಕಣಮ್ಮೋ! ನಮ್ ಎಂಜಿನ್ ಹೊಗೆ ಕಣ್ಣಿಗೂ ಕಾಣಾಕಿಲ್ಲ, ಅಂಗೆ ಟ್ಯೂನ್ ಮಾಡಿವ್ನಿ!"

"ಕಾಣದ್ದೇ ಕೊಲ್ಲುತ್ತದೆ ಸಾಬರೆ. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ಹೊಳೆಸುತ್ತಲ್ಲ. ಹೊಳೆಯದ್ದಾದರೆ ಹೊರಗೆ ಕುಳಿತ ನಿಮಗೂ ಬರಬೇಕಿತ್ತು."

ಅವರು ಮಗುವನ್ನು ನೋಡಿದರು, ಕೊಳವೆಯನ್ನು ನೋಡಿದರು. ಎಂಜಿನ್ ನಿಂತಿತು. ಗೌರಮ್ಮ ಮಗುವನ್ನು ಗಾಳಿಗೆ ಒಡ್ಡಿ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಅದು ಮುಖ ಕಿವುಚಿ ಅತ್ತಿತು. ಎದುರಿನ ಮುದುಕನೂ ಕಣ್ಣು ಬಿಟ್ಟ. ಉಳಿದ ದಾರಿಗೆ ಸಾಬರು ಗಳ ಊರಿ ದೋಣಿ ನೂಕಿದರು. ಎಸ್ಟೇಟಿನ ಆಸ್ಪತ್ರೆಯ ಕಾಂಪೌಂಡರು ಮಗುವನ್ನು ಸಂಜೆಯವರೆಗೆ ಕಣ್ಣೆದುರೇ ಇರಿಸಿಕೊಂಡು ಕಳಿಸಿದರು.

ನಾಲ್ಕನೆಯ ದಿನ ಹಿಂದಿರುಗಿದೆ. ಹತ್ತುವ ಮೊದಲು ಕೊಳವೆಯನ್ನು ನೋಡಿದೆ. ಹಿಂದಕ್ಕೆ, ನೀರಿನ ಕಡೆಗೆ ತಿರುಗಿತ್ತು. ಟಾರ್ಪಾಲು ಕಾಣಲಿಲ್ಲ.

"ಏನ್ ಸಾಬ್ರೆ, ನಾಲ್ಕಾಣೆ ಈಸ್ಕಂಡು ಸ್ನಾನಾನೂ ಮಾಡುಸ್ತೀರಲ್ಲ!" ಎಂದ ಒಬ್ಬ.

"ನೆಂದ್ರೆ ಒಣಗ್ತೀಯ, ಕೂತ್ಕ ಮಾರಾಯ."

ಹಾನುಬಾಳಿನ ಕಡೆ ಇಳಿದು ತಿರುಗಿ ನೋಡಿದೆ. ಮಳೆ ಜೋರಾಗಿತ್ತು. ಹೊಸದಾಗಿ ಹತ್ತಿದವರು ಟಾರ್ಪಾಲು ಕೇಳುತ್ತಿದ್ದರು. ಸಾಬರು ಅದನ್ನು ಮಡಿಸಿ ಅದರ ಮೇಲೆಯೇ ಕುಳಿತಿದ್ದರು. ದೋಣಿ ಮರೆಯಾಗುವವರೆಗೂ ನಿಂತು ನೋಡಿದೆ. ಅವರು ಏಳಲಿಲ್ಲ.