ಮಾವನ ಬಿಳಿ ಬಟ್ಟೆ

ನನ್ನ ಸೋದರಮಾವ ಪೇಟೆಯ ಬ್ಯಾಂಡಿನಲ್ಲಿ ಮೂವತ್ತು ವರ್ಷದಿಂದ ಕ್ಲಾರಿನೆಟ್ ನುಡಿಸುತ್ತಾನೆ. ವಾದ್ಯದ ಶುಚಿಯಲ್ಲಿ ಅವನನ್ನು ಮೀರಿಸಿದವರಿಲ್ಲ. ನುಡಿಸಿ ಮುಗಿದೊಡನೆ, ಚಹಾ ತಣ್ಣಗಾದರೂ ಸರಿಯೇ, ದಾರ ಕಟ್ಟಿದ ಬಿಳಿ ಬಟ್ಟೆಯನ್ನು ಕೊಳವೆಯೊಳಗೆ ಇಳಿಬಿಟ್ಟು ಎಳೆಯಲೇಬೇಕು. ಎಂಜಲಿನ ಪಸೆ ಒಂದಿಷ್ಟೂ ಉಳಿಯಬಾರದು. ಆ ಕೊಳವೆಗೆ ಸಿಗುವ ಉಪಚಾರದಲ್ಲಿ ಕಾಲುಭಾಗ ತನಗೆ ಸಿಕ್ಕಿದ್ದರೆ ಸಾಕಿತ್ತು ಎಂದು ಅತ್ತೆ ಆಗಾಗ ಚುಚ್ಚುವುದುಂಟು.

ಅಂಥವನು ತನ್ನ ಬಾಯಿಯ ವಿಷಯದಲ್ಲಿ ಮಾಡಿದ್ದೇನು? ಹಲ್ಲುಜ್ಜುವಾಗ ರಕ್ತ ಕಂಡಿತು. ಗಾಯವಾದ ಕಡೆ ಉಜ್ಜಬಾರದು ಎಂದು ತಾನೇ ತೀರ್ಮಾನಿಸಿ, ಮೇಲಿನ ಮುಂಬಲ್ಲುಗಳಿಗೆ ಬ್ರಷ್ ತಾಗಿಸುವುದನ್ನೇ ಬಿಟ್ಟ. ಎರಡು ವರ್ಷ! ನೋವಿರಲಿಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ಬಾಯಿ ವಾಸನೆಯನ್ನು ಪೆಪ್ಪರಮಿಂಟು ಚೀಪಿ ಮುಚ್ಚಿಟ್ಟ. ಕಡೆಗೊಂದು ದಿನ ಅಭ್ಯಾಸದ ಕೋಣೆಯಲ್ಲಿ ನನ್ನೆದುರೇ ಮೇಲಿನ ಸ್ವರ ಹಿಡಿಯಲು ಹೋದಾಗ ಮುಂಬಲ್ಲು ಅಲುಗಾಡಿ ಸ್ವರ ಜಾರಿತು. ಅವನು ಬಾಯಿಗಿಡುವ ಮೌತ್‌ಪೀಸ್ ಒರೆಸಿದ ಬಿಳಿ ಬಟ್ಟೆಯ ಮೇಲೆ ಕೆಂಪು ಕಲೆ ನನ್ನ ಕಣ್ಣಿಗೆ ಬಿತ್ತು. ಕ್ಲಾರಿನೆಟ್ ನಿಲ್ಲುವುದೇ ಆ ಹಲ್ಲುಗಳ ಆಸರೆಯಲ್ಲಿ. ಅವು ಹೋದರೆ ಮಾವನ ವಾದನ ಮುಗಿದಂತೆಯೇ. ಬ್ಯಾಂಡಿನ ವಾರ್ಷಿಕ ಕಾರ್ಯಕ್ರಮಕ್ಕೆ ನಾಲ್ಕೇ ತಿಂಗಳಿತ್ತು.

ದರದರ ಎಳೆದುಕೊಂಡೇ ಹೋದೆ, ದಂತವೈದ್ಯೆಯ ಬಳಿಗೆ. ಅವರು ವಸಡಿನ ಆಳ ಅಳೆದು, ಎಕ್ಸ್‌ರೇ ನೋಡಿ, ಹಲ್ಲಿನ ಬುಡದಲ್ಲಿ ಕೊಳೆ ಗಟ್ಟಿಯಾಗಿ ಕೂತು ಮೂಳೆ ಸವೆದಿದೆ ಎಂದರು. ಮಾವ ತನ್ನ ಗಾಯದ ಸಿದ್ಧಾಂತ ಬಿಚ್ಚಿದ. ಅವರು ನಗಲಿಲ್ಲ. ಕ್ಲಾರಿನೆಟ್ಟನ್ನು ಒರೆಸದೆ ಎರಡು ವರ್ಷ ನುಡಿಸಿದರೆ ಏನಾಗುತ್ತದೆ ಎಂದು ಕೇಳಿದರು.

"ಹಾಳಾಗಿ ಹೋಗುತ್ತೆ. ಅಂಥವನಿಗೆ ವಾದ್ಯ ಮುಟ್ಟೋ ಯೋಗ್ಯತೇನೇ ಇಲ್ಲ," ಎಂದ ಮಾವ. ಹೇಳಿದವನೇ ತನ್ನ ಮುಂಬಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ರಕ್ತ ಬಂದಿದ್ದು ಉಜ್ಜಿದ್ದಕ್ಕಲ್ಲ, ಸರಿಯಾಗಿ ಉಜ್ಜದೇ ಇದ್ದಿದ್ದಕ್ಕೆ," ಎಂದರು ವೈದ್ಯೆ. "ಸವೆದ ಮೂಳೆ ತಾನಾಗಿ ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡ್ಕೊಳ್ಳೋಣ."

ವಸಡಿನ ಒಳಗಿನವರೆಗೂ ಶುಚಿ ಮಾಡಿ, ಅಲುಗಾಡುವ ಹಲ್ಲನ್ನು ಪಕ್ಕದವುಗಳಿಗೆ ಸಣ್ಣ ತಂತಿಯಿಂದ ಬಿಗಿದರು. ಆಮೇಲೆ ನೋಡಬೇಕಿತ್ತು ಮಾವನ ಉತ್ಸಾಹ! ಮೃದುವಾದ ಬ್ರಷ್, ಹಲ್ಲುಸಂದಿಗೆ ಬೇರೆ ಪುಟ್ಟ ಬ್ರಷ್, ದಿನಕ್ಕೆರಡು ಸಲ, ಕಾಲಲ್ಲಿ ತಾಳ ಹಾಕುತ್ತಾ. ಟಾರ್ಚ್ ಹಿಡಿದು ಮನೆಮಂದಿಯ ವಸಡುಗಳ ತಪಾಸಣೆ ಬೇರೆ. ಬಯಸಿದ್ದ ಉಪಚಾರ ಸಿಕ್ಕಿದ ಅತ್ತೆ ಈಗ ಸಾಕಪ್ಪಾ ಸಾಕು ಎನ್ನುತ್ತಿದ್ದಳು. ಆದರೂ ಮೊದಮೊದಲು ಅಭ್ಯಾಸ ಮುಗಿದಾಗ ಬಟ್ಟೆಯ ಮೇಲೆ ತೆಳು ಕೆಂಪು ಕಾಣುತ್ತಿತ್ತು. ಮಾವ ಆ ಬಟ್ಟೆಯನ್ನು ಮಡಚಿ ಜೇಬಿಗಿಡುತ್ತಿದ್ದ.

ಕಾರ್ಯಕ್ರಮದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮಾವನ ಸರದಿ ಬಂತು. ಆ ಮೇಲಿನ ಸ್ವರ ಹತ್ತಿರ ಬಂದಂತೆ ನಾನು ಅತ್ತೆಯ ಕೈಯನ್ನು ಹಿಂಡಿಬಿಟ್ಟೆ. ಹಿಡಿದ! ಹಿಡಿದು, ಅಲುಗದಂತೆ ನಿಲ್ಲಿಸಿ, ಮೆಲ್ಲಗೆ ಇಳಿಸಿದ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವ ಅವರತ್ತ ನೋಡಲೇ ಇಲ್ಲ. ಜೇಬಿನಿಂದ ಬಟ್ಟೆ ತೆಗೆದು, ಮೌತ್‌ಪೀಸ್ ಒರೆಸಿ, ದೀಪದ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೂರನೇ ಸಾಲಿನಲ್ಲಿ ನನ್ನನ್ನು ಹುಡುಕಿ, ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಎತ್ತಿ ತೋರಿಸಿದ. ಅಚ್ಚ ಬಿಳಿ. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಅಳುತ್ತಲೇ ಚಪ್ಪಾಳೆ ತಟ್ಟಿದೆ.